ಉಪ್ಪಿನ ಭರಣಿಯೂ ಲೀಸಿನ ಕನ್ವರ್ಟಿಬಲ್ಲೂ

ಆರಿದ್ರಾ ಮಳೆ ಹಿಡಿಯಿತೆಂದರೆ ತೀರ್ಥಹಳ್ಳಿ, ಹೊಸನಗರದ ಅಡುಗೆಮನೆಗಳಲ್ಲಿ ಉಪ್ಪಿನ ಭರಣಿ ಒಸರಲು ಶುರು. ಉಪ್ಪು ಗಾಳಿಯಿಂದ ನೀರೆಳೆದುಕೊಂಡು ತಾನೇ ಕರಗುವುದಕ್ಕೆ ಒಂದು ಖಚಿತ ಗಡಿ ಇದೆ: ಸಾಪೇಕ್ಷ ಆರ್ದ್ರತೆ, ಅಂದರೆ ಗಾಳಿ ಹಿಡಿಯಬಲ್ಲ ನೀರಾವಿಯಲ್ಲಿ ಆಗ ಇರುವ ಪಾಲು, ಶೇಕಡಾ 75. ಹರಳುಪ್ಪಿನಲ್ಲಿ ಮೆಗ್ನೀಷಿಯಂ ಕ್ಲೋರೈಡ್ ಸ್ವಲ್ಪ ಉಳಿದಿದ್ದರೆ ಅದಕ್ಕಿಂತ ಮೊದಲೇ ಒದ್ದೆಯಾದೀತು. ಬೂಷ್ಟು ಬೆಳೆಯುವುದಕ್ಕೆ ಬೇಕಾದ ತೇವವೂ ಹೆಚ್ಚುಕಡಿಮೆ ಅಲ್ಲಿಂದಲೇ, ಶೇಕಡಾ 75–80ರಿಂದ ಶುರುವಾಗುತ್ತದೆ. ಹಾಗಾಗಿ ಅಡಿಕೆ ಶೆಡ್ಡಿನ ಪಕ್ಕ ಎರಡು ಸೀಟಿನ ಕನ್ವರ್ಟಿಬಲ್, ಅಂದರೆ ಬಟ್ಟೆಯ ಟಾಪು ಮಡಚಿ ತೆರೆಯುವ ಕಾರು, ನಿಲ್ಲಿಸಿಕೊಂಡವರಿಗೆ ಭರಣಿಯೇ ಪುಕ್ಕಟೆ ಮಾಪಕ. ಅದು ಒಸರುತ್ತಿದೆ ಎಂದರೆ ಸೀಟಿನ ಹೊಲಿಗೆಯಲ್ಲೂ ಬೂಷ್ಟು ಏಳುವ ಹೊತ್ತಾಯಿತು.

ಕಾರಿನ ಒಳಾಂಗಣ ಸವೆಯುವುದು ಕೂತು ಏಳುವುದರಿಂದ ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. ತಯಾರಕರು ಪರೀಕ್ಷಿಸುವುದೂ ಮುಖ್ಯವಾಗಿ ಅದನ್ನೇ. ಫೋರ್ಡ್ ಕಂಪನಿಯ ಬಳಿ ಮನುಷ್ಯರ ಹಿಂಭಾಗದ ಆಕಾರದ ಒಂದು ರೋಬಾಟ್ ಇದೆ. ಅದನ್ನು 36 ಡಿಗ್ರಿಗೆ ಬಿಸಿ ಮಾಡಿ, 450 ಮಿಲಿಲೀಟರ್ ನೀರಿನಲ್ಲಿ ತೋಯಿಸಿ, ಬೆವರಿದ ಮೈಯಂತೆ ಸೀಟಿನ ಮೇಲೆ 7,500 ಸಲ ಕೂರಿಸಿ ಹೊರಳಾಡಿಸುತ್ತಾರೆ. ಹತ್ತು ವರ್ಷದ ಬಳಕೆಯ ಲೆಕ್ಕ ಮೂರು ದಿನದಲ್ಲಿ ಮುಗಿಯುತ್ತದೆ. ಪರೀಕ್ಷೆ ಒಳ್ಳೆಯದೇ. ಆದರೆ ಮಲೆನಾಡಿನಲ್ಲಿ ಇಂಥ ಕಾರು ಮಳೆಗಾಲದ ನಾಲ್ಕು ತಿಂಗಳು ಹೆಚ್ಚಾಗಿ ನಿಂತೇ ಇರುತ್ತದೆ. ಯಾರೂ ಕೂರದ ಸೀಟಿಗೆ ಆಗುವ ಹಾನಿಯನ್ನು ಈ ರೋಬಾಟ್ ಅಳೆಯುವುದಿಲ್ಲ.

ಮೊದಲು ಚರ್ಮದ ವಿಷಯ. ಸೀಟಿಗೆ ಹಾಕಿದ್ದು ಅಸಲಿ ಚರ್ಮವೇ ಆದರೂ ನಮ್ಮ ಬೆರಳು ಮುಟ್ಟುವುದು ಚರ್ಮವನ್ನಲ್ಲ. ಅದರ ಮೇಲೆ ಬಣ್ಣ ಬೆರೆಸಿದ ಪಾಲಿಯುರಿಥೇನ್ ಲೇಪ ಇರುತ್ತದೆ. ದಪ್ಪ ಮಿಲಿಮೀಟರಿನ ನೂರನೇ ಕೆಲವು ಭಾಗ ಮಾತ್ರ. ಪರೀಕ್ಷಿಸಬೇಕೆಂದರೆ ಕಾಣದ ಮೂಲೆಯಲ್ಲಿ ಒಂದು ಹನಿ ನೀರು ಬಿಟ್ಟು ಒಂದು ನಿಮಿಷ ಕಾಯಿರಿ. ಹನಿ ಮುತ್ತಿನಂತೆ ನಿಂತರೆ ಲೇಪವಿದೆ. ಕೆಳಗೆ ಇಂಗಿ ಕಪ್ಪಾದರೆ ಲೇಪವಿಲ್ಲದ ದುಬಾರಿ ಅನಿಲಿನ್ ಚರ್ಮ. ಅದನ್ನು ಮಲೆನಾಡಿಗೆ ತಂದವರ ಧೈರ್ಯ ಮೆಚ್ಚಬೇಕು. ಲೇಪ ಇರುವ ಸೀಟಿಗೆ ಕೊಬ್ಬರಿ ಎಣ್ಣೆ ಹಚ್ಚಿದರೆ ಒಳಗೆ ಇಳಿಯುವುದಿಲ್ಲ. ಮೇಲೆಯೇ ಕೂತು ಧೂಳು ಹಿಡಿಯುತ್ತದೆ, ಹೊಲಿಗೆಯ ತೂತಿಗೆ ಸೇರಿ ಕಮಟುತ್ತದೆ, ಬೂಷ್ಟಿಗೆ ಊಟವಾಗುತ್ತದೆ. ಪೇಟೆಯಲ್ಲಿ ಸಿಗುವ "ಚರ್ಮ ಪೋಷಕ" ಡಬ್ಬಿಗಳ ಬಹುಪಾಲು ಕೆಲಸವೂ ಮೇಲ್ಮೈಗಷ್ಟೇ ಸೀಮಿತ.

ಬೇಕಾಗಿರುವುದು ತೊಳೆಯುವುದು, ಅದೂ ಹಗುರವಾಗಿ. ಒಂದು ಲೀಟರ್ ನೀರಿಗೆ ಒಂದು ಚಿಕ್ಕ ಚಮಚ, ಅಂದರೆ 5 ಮಿಲಿಲೀಟರ್, ಮಕ್ಕಳ ಶಾಂಪೂ ಸಾಕು. ಬಟ್ಟೆ ಸೋಪು ಬೇಡ: ಅದು ಕ್ಷಾರ, ಚರ್ಮ ಹದವಾಗಿರುವುದು ತುಸು ಆಮ್ಲದ ಕಡೆಗೆ. ಬಟ್ಟೆಯನ್ನು ನೊರೆಯಲ್ಲಿ ಅದ್ದಿ, ಹಿಂಡಿ, ಒಂದೊಂದೇ ಭಾಗ ಒರೆಸಿ, ಕೂಡಲೇ ಒಣಬಟ್ಟೆಯಲ್ಲಿ ತೇವ ತೆಗೆಯಬೇಕು. ತಂಪುಗಾಳಿ ಬರಲೆಂದು ಸಣ್ಣ ತೂತುಗಳಿರುವ ಸೀಟಾದರೆ ದ್ರವವನ್ನು ನೇರವಾಗಿ ಸಿಂಪಡಿಸಲೇಬಾರದು. ತೂತಿನಿಂದ ಇಳಿದದ್ದು ಕೆಳಗಿನ ಫೋಮಿನಲ್ಲಿ ನಿಲ್ಲುತ್ತದೆ.

ಸವೆತ ಮೊದಲು ಕಾಣಿಸುವುದು ಚಾಲಕನ ಸೀಟಿನ ಹೊರಬದಿಯ ಉಬ್ಬಿನಲ್ಲಿ. ಸ್ಪೋರ್ಟ್ಸ್ ಕಾರಿನ ಸೀಟು ನೆಲಕ್ಕೆ ಹತ್ತಿರ, ಉಬ್ಬು ಎತ್ತರ. ಒಳಗೆ ಬೀಳುವಂತೆ ಕೂರುವಾಗ ಇಡೀ ಮೈಭಾರ ಆ ಒಂದು ಅಂಚಿನ ಮೇಲೆ ಬಿದ್ದು ಜಾರುತ್ತದೆ, ಜೀನ್ಸಿನ ಹಿತ್ತಾಳೆ ಗುಂಡಿ ಗೀರು ಎಳೆಯುತ್ತದೆ, ಜೀನ್ಸಿನ ನೀಲಿ ಬಣ್ಣ ಸೀಟಿನ ತಿಳಿಬಣ್ಣದ ಚರ್ಮಕ್ಕೆ ಇಳಿಯುತ್ತದೆ. ಪಂಚೆ ಉಟ್ಟವರಿಂದ ಈ ತೊಂದರೆ ಇಲ್ಲ. ಉಳಿದವರು ಬಾಗಿಲಿಗೆ ಬೆನ್ನು ಮಾಡಿ ಸೀಟಿನ ನಡುವಿಗೆ ಕೂತು, ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆಳೆದುಕೊಳ್ಳುವುದು ಒಳಿತು. ಇಳಿಯುವಾಗ ಕೈ ಊರಬೇಕಾದದ್ದು ಕಾರಿನ ಬಾಗಿಲಡಿಯ ಹೊಸ್ತಿಲಿನ ಮೇಲೆ, ಉಬ್ಬಿನ ಮೇಲಲ್ಲ.

ಇದಕ್ಕಿಂತ ವಿಚಿತ್ರವಾದದ್ದು ಗುಂಡಿಗಳು ಅಂಟಂಟಾಗುವುದು. ಏಸಿ ಗುಂಡಿ, ಬಾಗಿಲಿನ ಹಿಡಿ, ಸ್ಟೀರಿಂಗ್ ಪಕ್ಕದ ಕಡ್ಡಿ, ಇವುಗಳ ಗಟ್ಟಿ ಪ್ಲಾಸ್ಟಿಕ್ಕಿನ ಮೇಲೆ ರಬ್ಬರಿನಂತೆ ಮೆತ್ತಗೆ ಅನಿಸಲೆಂದು ಒಂದು ಲೇಪ ಕೊಟ್ಟಿರುತ್ತಾರೆ. ಹಲವು ವರ್ಷದ ಮೇಲೆ ಅದು ಬೆಲ್ಲದ ಪಾಕದಂತೆ ಬೆರಳಿಗೆ ಹತ್ತುತ್ತದೆ. 1990ರ ದಶಕದ ಕೊನೆಯಿಂದ ಒಂದು ದಶಕ ಕಾಲ ಬಂದ ಫೆರಾರಿಗಳು ಇದಕ್ಕೆ ಲೋಕಪ್ರಸಿದ್ಧ; ಕಾರಿನ ಬೆಲೆ ನೋಡಿ ಲೇಪ ಹೆಚ್ಚು ಬಾಳುವುದಿಲ್ಲ. ಕಾರಣ ನೀರು. ಪಾಲಿಎಸ್ಟರ್ ಜಾತಿಯ ಪಾಲಿಯುರಿಥೇನಿನ ಉದ್ದ ಸರಪಳಿಯಲ್ಲಿ ಎಸ್ಟರ್ ಎಂಬ ಕೊಂಡಿಗಳಿವೆ. ಗಾಳಿಯ ನೀರಾವಿ ಆ ಕೊಂಡಿಯನ್ನು ಕತ್ತರಿಸುತ್ತದೆ. ಕತ್ತರಿಸಿದ ಕಡೆ ಆಮ್ಲ ಹುಟ್ಟುತ್ತದೆ, ಆ ಆಮ್ಲ ಮುಂದಿನ ಕೊಂಡಿಯ ಕತ್ತರಿಕೆಯನ್ನು ಇನ್ನೂ ಚುರುಕುಗೊಳಿಸುತ್ತದೆ. ಉದ್ದ ಸರಪಳಿ ತುಂಡು ತುಂಡಾದಾಗ ಗಟ್ಟಿ ವಸ್ತು ಅಂಟಾಗುತ್ತದೆ. ಅಟ್ಟದ ಮೇಲೆ ಡಬ್ಬಿಯಲ್ಲಿ ಜೋಪಾನ ಮಾಡಿದ ಮದುವೆಯ ಬೂಟು ಕೆಲವು ಮಳೆಗಾಲ ಕಳೆದು ಹಾಕಿಕೊಂಡ ದಿನವೇ ಅಟ್ಟೆ ಪುಡಿಪುಡಿ ಉದುರುವುದೂ ಇದೇ ಜಲವಿಭಜನೆಯಿಂದ.

ಅಂಟಾದ ಗುಂಡಿಯನ್ನು ಸ್ಪಿರಿಟ್ ಹಾಕಿ ಉಜ್ಜಿದರೆ ಲೇಪವೆಲ್ಲ ಎದ್ದುಬಂದು ಕೆಳಗಿನ ಹೊಳಪು ಪ್ಲಾಸ್ಟಿಕ್ ಕಾಣುತ್ತದೆ. ಜೊತೆಗೆ ಗುಂಡಿಯ ಮೇಲಿನ ಚಿತ್ರವೂ ಹೋಗುತ್ತದೆ. ಸ್ವಂತ ಕಾರಿಗೆ ಅದೊಂದು ದಾರಿ. ಅವಧಿ ಮುಗಿದ ಮೇಲೆ ವಾಪಸ್ ಕೊಡಬೇಕಾದ ಲೀಸಿನ ಕಾರಿನಲ್ಲಿ ಹಾಗೆ ಮಾಡಿದರೆ ವಸ್ತುವಿನ ದೋಷ ಬಳಸಿದವರ ತಪ್ಪಾಗಿ ಬದಲಾಗುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಸರಿನಲ್ಲಿ ಇರುವುದೂ ಅದೇ ಆಲ್ಕೋಹಾಲು: ಹಚ್ಚಿಕೊಂಡು ಪೂರ್ತಿ ಆರಿದ ಮೇಲಷ್ಟೇ ಸ್ಟೀರಿಂಗ್ ಮುಟ್ಟಬೇಕು.

ಈಗ ಲೆಕ್ಕ. 25 ಡಿಗ್ರಿಯಲ್ಲಿ ಒಂದು ಘನಮೀಟರ್ ಗಾಳಿ ಹಿಡಿಯಬಲ್ಲ ನೀರಾವಿ ಸುಮಾರು 23 ಗ್ರಾಂ. ಎರಡು ಸೀಟಿನ ಕಾರಿನೊಳಗೆ ಎರಡು ಘನಮೀಟರ್ ಗಾಳಿ ಇದೆ ಎಂದುಕೊಂಡರೂ ಅದರಲ್ಲಿರುವ ನೀರು 46 ಗ್ರಾಂ. ಮೂರು ದೊಡ್ಡ ಚಮಚ. ಆದರೆ ಕಾರ್ಪೆಟ್ಟಿನ ಕೆಳಗೆ ಸದ್ದು ತಡೆಯಲು ಹಾಕಿದ ಫೋಮು ಮತ್ತು ಚಿಂದಿಯ ಹಾಸು ಲೀಟರುಗಟ್ಟಲೆ ನೀರು ಕುಡಿದು ಮೇಲೆ ಒಣಗಿದಂತೆ ನಟಿಸಬಲ್ಲವು. ಇಲ್ಲಿಗೆ ಅರ್ಧ ಕಿಲೋ ಸಿಲಿಕಾ ಜೆಲ್ ತಂದಿಟ್ಟರೆ ಅದು ತನ್ನ ತೂಕದ ಮೂರನೇ ಒಂದು ಭಾಗದಷ್ಟು ನೀರು ಹೀರಿ ಸುಮ್ಮನಾಗುತ್ತದೆ. ಬೀರುವಿಗೆ ಇಡುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿಯಂತೂ ಘಾಟಿಯ ಒಂದು ತಿರುವಿನಲ್ಲಿ ಮಗುಚಿದರೆ ಮುಗಿಯಿತು. ಆ ದ್ರವ ಬಿದ್ದ ಜಾಗ ಮತ್ತೆಂದೂ ಒಣಗುವುದಿಲ್ಲ, ಸೀಟಿನ ಹಳಿ ತುಕ್ಕು ಹಿಡಿಯುತ್ತದೆ.

ಉಂಬಳ, ಅಂದರೆ ಜಿಗಣೆ, ಹತ್ತದಿರಲೆಂದು ಕಾಲಿಗೆ ಹಾಕಿಕೊಳ್ಳುವ ಉಪ್ಪಿನ ಕಥೆಯೂ ಇದೇ. ಕವಲೇದುರ್ಗ, ಕುಂದಾದ್ರಿ ಕಡೆ ನಡೆದು ಬಂದು ಕಾರೊಳಗೆ ಕೂತಾಗ ಉದುರಿದ ಚಿಟಿಕೆ ಉಪ್ಪು ಮಳೆಗಾಲ ಪೂರ್ತಿ ಕಾರ್ಪೆಟ್ಟಿನಲ್ಲಿ ಒದ್ದೆ ಚುಕ್ಕೆಯಾಗಿ ಉಳಿಯುತ್ತದೆ. ಅದನ್ನು ಒಣಗಿದ್ದಾಗ ವ್ಯಾಕ್ಯೂಮಿನಲ್ಲಿ ಎಳೆದು, ಉಳಿದದ್ದನ್ನು ಒದ್ದೆ ಬಟ್ಟೆ ಒತ್ತಿ ಒತ್ತಿ ತೆಗೆಯಬೇಕು. ಕೆಮ್ಮಣ್ಣಿಗೆ ಮಾತ್ರ ಕ್ರಮ ಬೇರೆ: ಮೊದಲು ನೀರು ತಾಗಿಸಬಾರದು. ಜಂಬಿಟ್ಟಿಗೆ ಮಣ್ಣಿನ ಕೆಂಪು ಕಬ್ಬಿಣದ ಆಕ್ಸೈಡಿನದು, ಅಕ್ಕಸಾಲಿಗರು ಚಿನ್ನ ಹೊಳೆಯಿಸುವ ಕೆಂಪುಪುಡಿಯೂ ಅದೇ ವಸ್ತು. ಒದ್ದೆ ಮಾಡಿದರೆ ನುಣ್ಣನೆಯ ಕಣ ಎಳೆಯ ಬುಡಕ್ಕೆ ಇಳಿಯುತ್ತದೆ. ಪೂರ್ತಿ ಒಣಗಿಸಿ, ಬ್ರಷ್ಷಿನಲ್ಲಿ ಬಡಿದು ಎಬ್ಬಿಸಿ, ಎಳೆದು, ಕೊನೆಗೆ ಮಾತ್ರ ಶಾಂಪೂ ನೀರು. ಎಲೆಅಡಿಕೆಯ ಕಲೆಗೆ ಸೋಡ, ಸೋಪು ಹಾಕಿದರೆ ಕೆಂಪು ಇನ್ನಷ್ಟು ಗಾಢವಾಗುತ್ತದೆ. ಆ ಕೆಂಪು ಹುಟ್ಟಿದ್ದೇ ಅಡಿಕೆಯ ಚೊಗರಿಗೆ ಸುಣ್ಣದ ಕ್ಷಾರ ಕೂಡಿ.

ನೀರು ಎಲ್ಲಿಂದ ಬರುತ್ತದೆ? ಟಾಪು ಹರಿದು ಬರುವುದು ಅಪರೂಪ. ಟಾಪಿನ ಬಟ್ಟೆ ಮೂರು ಪದರದ್ದು: ಮೇಲೆ ಅಕ್ರಿಲಿಕ್ ನೇಯ್ಗೆ, ನಡುವೆ ರಬ್ಬರು, ಒಳಗೆ ಅಸ್ತರು. ನೀರು ತಡೆಯುವುದು ನಡುವಿನ ರಬ್ಬರು. ಟಾಪಿನ ಮೇಲೆ ಬಿದ್ದ ಮಳೆ ಹಿಂದಿನ ಎರಡು ಮೂಲೆಯ ಬೋಗುಣಿಗೆ ಇಳಿದು, ಅಲ್ಲಿಂದ ಕೊಳವೆಯಲ್ಲಿ ಹಿಂದಿನ ಚಕ್ರದ ಹತ್ತಿರ ನೆಲಕ್ಕೆ ಹೋಗುವಂತೆ ಕನ್ವರ್ಟಿಬಲ್ಲುಗಳನ್ನು ಕಟ್ಟಿರುತ್ತಾರೆ. ಅಂದರೆ ನೀರು ಕಾರಿನ ಮೈಯೊಳಗೆ ಹರಿಯುವುದೇ ವಿನ್ಯಾಸ. ಅಕೇಶಿಯಾ ಎಲೆ, ಪಾಚಿ, ಮಣ್ಣು ಕೂಡಿ ಆ ಕೊಳವೆ ಕಟ್ಟಿಕೊಂಡರೆ ಬೋಗುಣಿ ತುಂಬಿ ನೀರು ಒಳಗೆ ತಿರುಗುತ್ತದೆ. ಮಜ್ದಾ ಎಂಎಕ್ಸ್-5ರ ಹೊಸ್ತಿಲು ಒಳಗಿನಿಂದ ತುಕ್ಕು ಹಿಡಿದದ್ದು ಹೀಗೆ. ಮೊದಲ ಪೋರ್ಷೆ ಬಾಕ್ಸ್‌ಟರಿನಲ್ಲಿ ಕಳ್ಳತನ ತಡೆಯುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಇರುವುದು ಚಾಲಕನ ಸೀಟಿನಡಿ, ನೆಲಕ್ಕೆ ಅಂಟಿ. ಅದು ಮುಳುಗಿದರೆ ಕಾರು ಶುರುವಾಗುವುದಿಲ್ಲ. ಮೊದಲ ತಲೆಮಾರಿನ ಬಿಎಂಡಬ್ಲ್ಯು ಜೆಡ್4ರಲ್ಲಂತೂ ಟಾಪು ಎತ್ತುವ ಹೈಡ್ರಾಲಿಕ್ ಮೋಟರನ್ನೇ ಆ ಬೋಗುಣಿಯ ತಳದಲ್ಲಿ ಇಟ್ಟಿದ್ದರು. ಕಟ್ಟೋಣದ ಗುಣ ಎಂದರೆ ಡ್ಯಾಶ್‌ಬೋರ್ಡ್ ತಟ್ಟಿ ಸದ್ದು ಕೇಳುವುದಲ್ಲ, ಇಂಥ ನಿರ್ಧಾರಗಳನ್ನು ನೋಡುವುದು.

ಮಳೆ ಹಿಡಿಯುವ ಮೊದಲು, ಮೇ ತಿಂಗಳಲ್ಲಿ, ಟಾಪನ್ನು ಅರ್ಧ ಎತ್ತಿ ನಿಲ್ಲಿಸಿ ಒಂದೊಂದು ಬೋಗುಣಿಗೆ ಅರ್ಧ ಲೀಟರ್ ನೀರನ್ನು ನಿಧಾನ ಹೊಯ್ಯಬೇಕು. ಕೆಲವೇ ಸೆಕೆಂಡಿನಲ್ಲಿ ಕೆಳಗೆ ಧಾರೆ ಕಾಣಬೇಕು. ತೊಟ್ಟಿಕ್ಕುತ್ತಿದ್ದರೆ ಕೊಳವೆ ಕಟ್ಟಿದೆ. ಬಿಡಿಸಲು ತೋಟದ ಮನೆಯಲ್ಲಿ ಸಾಮಾನ್ಯವಾಗಿ ಇರುವ ಸಾಮಾನೇ ಸಾಕು: ಕಳೆ ಕೊಚ್ಚುವ ಯಂತ್ರದ 2.4 ಮಿಲಿಮೀಟರ್ ನೈಲಾನ್ ದಾರ, ತುದಿಯನ್ನು ಬೆಂಕಿಗೆ ಹಿಡಿದು ಗುಂಡಗೆ ಮಾಡಿಕೊಂಡದ್ದು. ಕಬ್ಬಿಣದ ತಂತಿ ಕೊಳವೆ ತೂತು ಮಾಡುತ್ತದೆ. ಗ್ಯಾರೇಜಿನ ಗಾಳಿ ಹೊಡೆಸಿದರೆ ಒಳಗಿನ ಕೊಳವೆಯ ಕೀಲು ಕಳಚಿಕೊಳ್ಳಬಹುದು. ಆಮೇಲೆ ಪ್ರತಿ ಮಳೆಯ ನೀರೂ ನೇರ ಕಾರ್ಪೆಟ್ಟಿಗೆ.

ಒದ್ದೆ ಟಾಪನ್ನು ಮಡಚಿಡಬಾರದು. ದಾರಿಯಲ್ಲಿ ಮಡಚಲೇಬೇಕಾಯಿತು ಎಂದರೆ ಮನೆ ಮುಟ್ಟಿದ ಕೂಡಲೇ ಬಿಚ್ಚಿ ಎಳೆದು ನಿಲ್ಲಿಸಿ. ಅಂಚಿನ ರಬ್ಬರು ಪಟ್ಟಿ ಇಪಿಡಿಎಂ ಎಂಬ ಬಗೆಯದು. ಬಿಸಿಲು ತಡೆಯುತ್ತದೆ, ಪೆಟ್ರೋಲಿಯಂ ಗ್ರೀಸು ತಾಗಿದರೆ ಊದಿಕೊಳ್ಳುತ್ತದೆ. ಅದಕ್ಕೆ ಸಿಲಿಕೋನ್ ಗ್ರೀಸ್, ಬೆರಳ ತುದಿಯಷ್ಟು, ತೆಳ್ಳಗೆ. ಟಾಪಿನ ಕೀಚಲು ಸದ್ದೂ ಇದರಿಂದ ಅರ್ಧ ನಿಲ್ಲುತ್ತದೆ.

ಉಳಿದ ಸದ್ದಿಗೆ ಕಾರಣ ಕಾರಿನ ಮೈಕಟ್ಟು. ಕಡ್ಡಿಪೆಟ್ಟಿಗೆಯ ಒಳಗಿನ ತಟ್ಟೆಯನ್ನು ಹೊರಗೆಳೆದು ತಿರುಚಿ ನೋಡಿ, ಸುಲಭವಾಗಿ ತಿರುಚುತ್ತದೆ. ಕವಚದೊಳಗೆ ತಳ್ಳಿದರೆ ಬಗ್ಗುವುದಿಲ್ಲ. ಮೇಲ್ಛಾವಣಿ ಇಲ್ಲದ ಕಾರು ಹೊರಗೆಳೆದ ತಟ್ಟೆ. ಹೊಸ್ತಿಲು ದಪ್ಪ ಮಾಡಿ, ಅಡ್ಡಪಟ್ಟಿ ಕೊಟ್ಟು ಬಿಗಿ ಮಾಡುತ್ತಾರಾದರೂ ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಒಂದು ಚಕ್ರ ಏರಿ ಇನ್ನೊಂದು ಇಳಿಯುವಾಗ ಮೈ ತುಸು ತಿರುಚಿಯೇ ತಿರುಚುತ್ತದೆ. ಅದರ ಮೇಲೆ ಬಿಸಿಲು. ಪಾಲಿಪ್ರೊಪಿಲೀನ್ ಡ್ಯಾಶ್‌ಬೋರ್ಡ್ ಉಕ್ಕಿಗಿಂತ ಹಲವು ಪಟ್ಟು ಹಿಗ್ಗುತ್ತದೆ: 1.2 ಮೀಟರ್ ಉದ್ದದ್ದು 40 ಡಿಗ್ರಿ ಏರಿದರೆ ಸುಮಾರು 3 ಮಿಲಿಮೀಟರಾದರೂ ಬೆಳೆಯುತ್ತದೆ, ಕೆಳಗಿನ ಉಕ್ಕು ಅರ್ಧ ಮಿಲಿಮೀಟರ್ ಅಷ್ಟೇ. ಆ ವ್ಯತ್ಯಾಸವನ್ನು ಕ್ಲಿಪ್ಪುಗಳು ನುಂಗಬೇಕು. ಕ್ಲಿಪ್ಪು ಸಡಿಲವಾದರೆ ಕಟಕಟ, ಎರಡು ಪ್ಲಾಸ್ಟಿಕ್ ಒಂದನ್ನೊಂದು ಹಿಡಿದು ಬಿಟ್ಟು ಜಾರಿದರೆ ಕಿರ್‌ಕಿರ್. ಸಂದಿಗೆ ಒಂದು ವಿಸಿಟಿಂಗ್ ಕಾರ್ಡ್ ತೂರಿಸಿ ಅದೇ ರಸ್ತೆಯಲ್ಲಿ ಓಡಿಸಿ. ಸದ್ದು ನಿಂತರೆ ಜಾಗ ಸಿಕ್ಕಿತು. ವೈರುಗಳಿಗೆ ಸುತ್ತುವ ಉಣ್ಣೆಯಂಥ ಫ್ಲೀಸ್ ಟೇಪಿನ ಒಂದು ತುಂಡು ಅಲ್ಲಿಗೆ ಸಾಕು.

ಲೀಸ್ ಎಂದರೆ ಒಂದು ಬಗೆಯ ಗೇಣಿ; ಮೂರೋ ನಾಲ್ಕೋ ವರ್ಷಕ್ಕೆ ಒಡೆಯರಿಗೆ ವಾಪಸ್. ಸಹಜ ಸವೆತ ಯಾವುದು, ಹಾನಿ ಯಾವುದು ಎಂಬುದು ಕರಾರಿನಲ್ಲಿ ಬರೆದಿರುತ್ತದೆ, ಸಹಿಗೆ ಮೊದಲು ಓದಬೇಕಾದ ಪುಟ ಅದು. ಬ್ರಿಟನ್ನಿನ ವಾಹನ ಬಾಡಿಗೆ ಮತ್ತು ಲೀಸ್ ಸಂಘ ಬಿವಿಆರ್‌ಎಲ್‌ಎ ಇದಕ್ಕೊಂದು ಮಾನದಂಡವನ್ನೇ ಅಚ್ಚು ಹಾಕಿದೆ. ಅದರ ಪ್ರಕಾರ ಒಳಾಂಗಣ ಕಲೆ, ಹರಕು, ಸುಟ್ಟ ಗುರುತು ಇಲ್ಲದೆ ಇರಬೇಕು, ವಾಸನೆಯೂ ಇರಬಾರದು. ನಮಗೆ ಕಷ್ಟವಾಗುವುದು ಕೊನೆಯದೇ. ಮುಗ್ಗಲು ವಾಸನೆಯಲ್ಲಿ ಅಣಬೆಯ ಪರಿಮಳ ಕೊಡುವ ಆಲ್ಕೋಹಾಲೇ ಇದೆ. ಬೂಷ್ಟೂ ಅಣಬೆಯ ನೆಂಟ. ಸುಗಂಧದ ಡಬ್ಬಿ ನೇತುಹಾಕಿದರೆ ಎರಡು ವಾಸನೆ ಒಟ್ಟಿಗೆ ಬರುತ್ತವೆ.

ಕಾರು ಕೈಗೆ ಬಂದ ದಿನವೇ ಸೀಟಿನ ಉಬ್ಬು, ಹೊಸ್ತಿಲ ಪಟ್ಟಿ, ಸ್ಟೀರಿಂಗಿನ ಎರಡೂ ಬದಿ, ಟಾಪಿನ ಮಡಿಕೆ, ಒಳ ಅಸ್ತರು, ಇಷ್ಟನ್ನು ಹಗಲು ಬೆಳಕಿನಲ್ಲಿ, ಪಕ್ಕದಲ್ಲೊಂದು ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೆದು ಲೀಸ್ ಕಂಪನಿಗೆ ಇಮೇಲ್ ಮಾಡಿಡಿ. ಮಳೆಗಾಲದಲ್ಲಿ ವಾರಕ್ಕೆರಡು ಸಲ ಅರ್ಧ ಗಂಟೆ ಓಡಿಸಿ: ಏಸಿ ಹಾಕಿ, ಒಳಗಿನ ಗಾಳಿಯೇ ಸುತ್ತುವ ಗುಂಡಿ ಒತ್ತಿ, ಬಿಸಿಯನ್ನೂ ಸೇರಿಸಿ. ಏಸಿಯ ತಣ್ಣನೆಯ ಸುರುಳಿಯ ಮೇಲೆ ನೀರಾವಿ ಹನಿಯಾಗಿ ಕಾರಿನಡಿ ಸುರಿದುಹೋಗುತ್ತದೆ; ಮಳೆ ನಿಂತ ಹೊತ್ತಿನಲ್ಲಿ ನಿಲ್ಲಿಸಿ ನೋಡಿದರೆ ಕೆಳಗೆ ಅದರ ಗುರುತು ಕಾಣುತ್ತದೆ. ಮನೆಗೆ ಮೂರು ನಿಮಿಷ ಇರುವಾಗ ಏಸಿ ಮತ್ತು ಸುತ್ತುವ ಗುಂಡಿ ಎರಡನ್ನೂ ಆರಿಸಿ, ಫ್ಯಾನು ಮಾತ್ರ ಜೋರಾಗಿ ಓಡಲಿ. ಸುರುಳಿ ಒಣಗದಿದ್ದರೆ ಬೂಷ್ಟು ಅಲ್ಲೇ ಮನೆ ಮಾಡುತ್ತದೆ.

ಹಸ್ತದ ಮಳೆ ಹಿಂದೆ ಸರಿದು ಗದ್ದೆ ಬಯಲಿನಲ್ಲಿ ಬಿಸಿಲು ಬಿದ್ದ ಮೊದಲ ಬೆಳಿಗ್ಗೆ ಎರಡು ಗಂಟೆ ಹೊತ್ತು ಟಾಪು, ಬಾಗಿಲು, ಡಿಕ್ಕಿ ಎಲ್ಲ ತೆರೆದಿಟ್ಟು, ಹೊಸ್ತಿಲ ಪಟ್ಟಿ ಬಿಚ್ಚಿ ಕಾರ್ಪೆಟ್ಟಿನ ಕೆಳಗೆ ಕೈ ಹಾಕಿ. ಫೋಮನ್ನು ಹಿಂಡಿದಾಗ ಅಂಗೈ ತಣ್ಣಗಾದರೆ ಇನ್ನೂ ನೀರಿದೆ. ಕಾರ್ಪೆಟ್ಟಿನ ಕೆಳಗೆ ಒಂದು ಮರದ ತುಂಡು ಕೊಟ್ಟು ಎತ್ತಿ, ಟೇಬಲ್ ಫ್ಯಾನ್ ಹಚ್ಚಿ, ಮರುದಿನ ಮತ್ತೆ ಹಿಂಡಿ ನೋಡಿ.