ಪ್ರೋಗ್ರಾಂ ಜಾಗ ಬದಲಿಸಿದರೆ ಬ್ರೇಕ್‌ಪಾಯಿಂಟ್ ಏನಾಗುತ್ತೆ?

ಪ್ರಶ್ನೆ: ಪ್ರೋಗ್ರಾಂ ಪ್ರತಿ ಸಲ ಬೇರೆ ಬೇರೆ ವಿಳಾಸದಲ್ಲಿ ಲೋಡ್ ಆಗುತ್ತೆ ಅಂತೀರಿ. ಹಾಗಿದ್ರೆ ಅದು ಶುರುವಾಗೋ ಮೊದಲೇ ಇಟ್ಟ ಬ್ರೇಕ್‌ಪಾಯಿಂಟ್ (ಪ್ರೋಗ್ರಾಂ ಓಡುವಾಗ ಇಲ್ಲಿ ನಿಲ್ಲಬೇಕು ಅನ್ನೋ ಗುರುತು) ಸರಿಯಾದ ಜಾಗದಲ್ಲೇ ಹೇಗೆ ನಿಲ್ಲುತ್ತೆ? ಎಎಸ್‌ಎಲ್‌ಆರ್ (ದಾಳಿಕೋರರಿಗೆ ಗೊತ್ತಾಗದಂತೆ ವಿಳಾಸವನ್ನು ಪ್ರತಿ ಸಲ ಬದಲಿಸೋ ವ್ಯವಸ್ಥೆ) ಆಫ್ ಮಾಡ್ಲೇಬೇಕಾ?

ಬೇಡ. ಈ ತಿಂಗಳಲ್ಲಿ ಇದನ್ನು ಹೇಳುತ್ತಿರುವುದು ಐದನೇ ಸಲ. ತುಮಕೂರಿನ ಸಂಜೆ ಕ್ಲಾಸಿನಲ್ಲಿ ಹೇಳಿದ್ದು ಈ ಲೆಕ್ಕಕ್ಕೆ ಸೇರಿಲ್ಲ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ದಿನಾ ಬೆಳಗ್ಗೆ ರೈಲು ಹಿಡಿದು ಬೆಂಗಳೂರಿಗೆ ಹೋಗುವವರಿಗೆ ಇದು ಬೇಗ ಹೊಳೆಯಬೇಕು. ರೈಲು ಒಂದು ದಿನ ಪ್ಲಾಟ್‌ಫಾರ್ಮಿನಲ್ಲಿ ಸ್ವಲ್ಪ ಮುಂದೆ ನಿಲ್ಲುತ್ತೆ, ಒಂದು ದಿನ ಹಿಂದೆ. ಆದರೆ ಎಂಜಿನ್‌ನಿಂದ ಏಳನೇ ಬೋಗಿ ಏಳನೆಯದೇ. ಎಂಜಿನ್ ಎಲ್ಲಿ ನಿಂತಿದೆ ಅಂತ ಗೊತ್ತಾದರೆ ಮುಗೀತು.

ನನ್ನ ಲ್ಯಾಪ್‌ಟಾಪಿನಲ್ಲಿ ನೋಡಿ. ಜಿಡಿಬಿ (ಪ್ರೋಗ್ರಾಮಿನ ತಪ್ಪು ಹುಡುಕೋ ಡಿಬಗರ್) ತೆರೆದು, ರನ್ ಮಾಡುವ ಮೊದಲು 'ಬ್ರೇಕ್ ಮೇನ್' (ಮೇನ್ ಅನ್ನೋ ಫಂಕ್ಷನ್ನಿನಲ್ಲಿ ನಿಲ್ಲು) ಅಂದರೆ ಅದು 1151 ಅನ್ನುತ್ತೆ (ಇಲ್ಲಿರುವ ವಿಳಾಸವೆಲ್ಲ ಹೆಕ್ಸ್, ಅಂದರೆ ಹದಿನಾರರ ಲೆಕ್ಕದ ಅಂಕಿ). ರನ್ ಮಾಡಿದ ಮೇಲೆ ಅದೇ ಬ್ರೇಕ್‌ಪಾಯಿಂಟ್ 555555555151. ನಡುವೆ ಆದದ್ದು ಇಷ್ಟೇ: ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಪ್ರೋಗ್ರಾಂ ಶುರು ಮಾಡುವಾಗ ಅದರ ಕೈಗೊಂದು ಚೀಟಿ ಕೊಡುತ್ತೆ. ಆಕ್ಸಿಲರಿ ವೆಕ್ಟರ್ ಅಂತ ಅದರ ಹೆಸರು. ಅದರಲ್ಲಿ ಎಂಟ್ರಿ ಪಾಯಿಂಟಿನ (ಪ್ರೋಗ್ರಾಂ ಓಡಲು ಶುರುವಾಗೋ ಜಾಗದ) ನಿಜವಾದ ವಿಳಾಸ ಇರುತ್ತೆ, 555555555060. ಫೈಲಿನಲ್ಲಿ ಬರೆದಿರೋದು 1060. ಕಳೆದರೆ 555555554000. ಎಂಜಿನ್ ನಿಂತ ಜಾಗ ಅಂದರೆ ಇದೇ. ಈ ಒಂದು ಸಂಖ್ಯೆಯನ್ನು ಜಿಡಿಬಿ ತನ್ನ ಸಿಂಬಲ್‌ಗಳ (ಮೇನ್‌ನಂಥ ಹೆಸರುಗಳ) ವಿಳಾಸಕ್ಕೆಲ್ಲ ಕೂಡಿಸಿಕೊಳ್ಳುತ್ತೆ. ಆಮೇಲೆ ಆ ಜಾಗದ ಬೈಟ್ ಎತ್ತಿಟ್ಟುಕೊಂಡು, ಅಲ್ಲಿ ಇಂಟ್3 ಅನ್ನೋ, ಪ್ರೋಗ್ರಾಮನ್ನು ನಿಲ್ಲಿಸೋ ಒಂದೇ ಬೈಟಿನ ಸೂಚನೆ ಬರೆಯುತ್ತೆ. ಡಿಸ್ಕಿನಲ್ಲಿರೋ ಫೈಲನ್ನು ಮುಟ್ಟೋದೇ ಇಲ್ಲ. ಲೈಬ್ರರಿಗಳು ಬೇರೆ ಬೇರೆ ರೈಲು ಇದ್ದ ಹಾಗೆ. ಒಂದೊಂದಕ್ಕೂ ಬೇರೆ ಸಂಖ್ಯೆ. ಅವನ್ನು ಜಿಡಿಬಿ, ಡೈನಾಮಿಕ್ ಲಿಂಕರ್ (ಲೈಬ್ರರಿಗಳನ್ನು ಲೋಡ್ ಮಾಡಿ ಜೋಡಿಸೋದು) ಇಟ್ಟುಕೊಂಡಿರೋ ಪಟ್ಟಿಯಿಂದ ಓದಿಕೊಳ್ಳುತ್ತೆ.

ಈಗ ಆ ಹಟಮಾರಿ ನಂಬಿಕೆಗೆ ಬರೋಣ. "ಎಎಸ್‌ಎಲ್‌ಆರ್ ಇದ್ರೆ ಡಿಬಗರ್ ದಾರಿ ತಪ್ಪುತ್ತೆ ಸಾರ್, ಅದಕ್ಕೇ ಜಿಡಿಬಿ ತಾನೇ ಅದನ್ನ ಆಫ್ ಮಾಡೋದು." ಅರ್ಧ ನಿಜ ಇದೆ ನೋಡಿ, ಅದಕ್ಕೇ ಇದು ಸಾಯಲ್ಲ. ಲಿನಕ್ಸಿನಲ್ಲಿ ಜಿಡಿಬಿ ತಾನು ಶುರು ಮಾಡಿದ ಪ್ರೋಗ್ರಾಮಿಗೆ ಮಾತ್ರ ಅದನ್ನು ಆಫ್ ಮಾಡುತ್ತೆ, ಹೌದು. ಆದರೆ ಅದು ನಿಮ್ಮ ಅನುಕೂಲಕ್ಕೆ. ನಿನ್ನೆ ಕಾಗದದಲ್ಲಿ ಗುರುತು ಹಾಕಿಕೊಂಡ ವಿಳಾಸ ಇವತ್ತೂ ಹಾಗೇ ಸಿಗಲಿ ಅಂತ. 'ಸೆಟ್ ಡಿಸೇಬಲ್-ರ್‍ಯಾಂಡಮೈಸೇಶನ್ ಆಫ್' ಅಂತ ಕೊಟ್ಟು ಮತ್ತೆ ರನ್ ಮಾಡಿ. ನನಗೆ ಬಂದದ್ದು 561208437151. ಬ್ರೇಕ್‌ಪಾಯಿಂಟ್ ಮೇನ್‌ನಲ್ಲೇ ನಿಂತಿತು. ಇನ್ನೂ ನಂಬಿಕೆ ಬರಲಿಲ್ವಾ? ಹೊರಗಡೆ ಆಗಲೇ ಓಡುತ್ತಿರೋ ಪ್ರೋಗ್ರಾಮಿಗೆ ಜಿಡಿಬಿ ಅಟ್ಯಾಚ್ ಮಾಡಿ (ಉಬುಂಟುವಿನಲ್ಲಿ ಸುಡೋ ಬೇಕಾಗಬಹುದು). ಅದನ್ನು ಜಿಡಿಬಿ ಶುರು ಮಾಡಿಲ್ಲ, ಏನನ್ನೂ ಆಫ್ ಮಾಡಿಲ್ಲ. ಆದರೂ ಸಾಲಿನ ನಂಬರ್ ಸಮೇತ ತೋರಿಸುತ್ತೆ.

ಈ ನಂಬಿಕೆ ಹುಟ್ಟಿದ್ದು ಎಲ್ಲಿ ಅಂತಲೂ ನನಗೆ ಗೊತ್ತು. ಉಬುಂಟು 16.10ಕ್ಕಿಂತ ಹಿಂದೆ ಸಾಮಾನ್ಯ ಪ್ರೋಗ್ರಾಂಗಳು 400000 ಅನ್ನೋ ಒಂದೇ ಜಾಗಕ್ಕೆ ಲೋಡ್ ಆಗುತ್ತಿದ್ದವು. ಆ ಕಾಲದ ಪಾಠ ನೋಡಿಕೊಂಡು ಹುಡುಗರು ಹೆಸರಿನ ಬದಲು ನಕ್ಷತ್ರ ಹಾಕಿ ಬರೀ 1151 ಕೊಡುತ್ತಾರೆ. ಆಗ ಜಿಡಿಬಿ ನೀವು ಹೇಳಿದ ವಿಳಾಸಕ್ಕೇ ಹೋಗಿ, ಅಲ್ಲೇನೂ ಇಲ್ಲ ಅಂತ ಬೈಯುತ್ತೆ. ತಪ್ಪು ಎಎಸ್‌ಎಲ್‌ಆರ್‌ದಲ್ಲ. ಹೆಸರೋ ಸಾಲಿನ ನಂಬರೋ ಕೊಡಿ. ವಿಳಾಸವೇ ಬೇಕು ಅಂದರೆ ಮೊದಲು 'ಸ್ಟಾರ್ಟ್' ಕೊಟ್ಟು, ಆಮೇಲೆ ನೋಡಿ ಹಾಕಿ. ಒಬ್ಬ ಹುಡುಗ ಇದಕ್ಕೋಸ್ಕರ ಇಡೀ ಮೆಷಿನ್ನಿನ ಎಎಸ್‌ಎಲ್‌ಆರನ್ನೇ ಸೊನ್ನೆ ಮಾಡಿ, ಮರೆತು, ಎರಡು ತಿಂಗಳು ಹಾಗೇ ಓಡಿಸಿದ್ದ. ಮನೆ ಬೀಗ ತೆಗೆದು ಊರಿಗೆ ಹೋದ ಹಾಗೆ.

ಯಾರೂ ಕೇಳಿಲ್ಲ, ಆದರೂ ಒಂದು ಹೇಳುತ್ತೇನೆ. ಮೇಲಿನ ಮೂರು ವಿಳಾಸದ ಕೊನೆಯ ಮೂರು ಅಂಕಿ ನೋಡಿದ್ರಾ? 151, 151, 151. ಪ್ರೋಗ್ರಾಮನ್ನು ಸರಿಸೋದು 4096 ಬೈಟಿನ (ಹೆಕ್ಸ್‌ನಲ್ಲಿ 1000) ಪುಟದ ಲೆಕ್ಕದಲ್ಲಿ. ಹಾಗಾಗಿ ಆ ಮೂರು ಅಂಕಿ ಅಲುಗಾಡಲ್ಲ. ಒಮ್ಮೆ ಬೇರೆ ಊರಿನ ಸರ್ವರಿನಲ್ಲಿ ನನ್ನ ಪ್ರೋಗ್ರಾಂ ಸೊನ್ನೆಯಿಂದ ಭಾಗಿಸಿ ಬಿದ್ದುಹೋಯಿತು. ಲಾಗಿನಲ್ಲಿ ಬರೀ ಒಂದು ವಿಳಾಸ. ಬೇಸ್ (ಎಂಜಿನ್ ನಿಂತ ಆ ಜಾಗ) ಎಲ್ಲಿತ್ತು ಅಂತ ಹೇಳೋಕೆ ಓಡುತ್ತಿರೋ ಪ್ರೋಸೆಸ್ಸೇ ಇಲ್ಲ. ಡಿಸ್‌ಅಸೆಂಬ್ಲಿ (ಪ್ರೋಗ್ರಾಮಿನ ಸೂಚನೆಗಳನ್ನು ವಿಳಾಸ ಸಮೇತ ತೋರಿಸೋ ಪಟ್ಟಿ) ತೆಗೆದು, ಆ ಮೂರು ಅಂಕಿಗೆ ಮುಗಿಯೋ ಸಾಲುಗಳನ್ನಷ್ಟೇ ಹುಡುಕಿದೆ. ನಾಲ್ಕು ಸಿಕ್ಕವು. ಭಾಗಾಕಾರದ ಸೂಚನೆ ಇದ್ದದ್ದು ಒಂದರಲ್ಲಿ ಮಾತ್ರ. ಆವತ್ತಿಂದ ನನ್ನ ಪ್ರೋಗ್ರಾಂಗಳು ಶುರುವಾದ ತಕ್ಷಣ ತಮ್ಮ ಮ್ಯಾಪ್ಸ್ ಫೈಲಿನ (ಯಾವುದು ಎಲ್ಲಿ ಲೋಡ್ ಆಗಿದೆ ಅಂತ ಕರ್ನಲ್ ತೋರಿಸೋ ಪಟ್ಟಿಯ) ಮೊದಲ ಸಾಲನ್ನು ಲಾಗಿಗೆ ಬರೆಯುತ್ತವೆ.