ಸೂರ್ಯನ ಸೆಳೆತವೇ ಹೆಚ್ಚಾಗಿದ್ದರೂ ಚಂದ್ರ ಭೂಮಿಯನ್ನು ಬಿಟ್ಟು ಹೋಗುವುದಿಲ್ಲವೇಕೆ?

ಪ್ರಶ್ನೆ: ಚಂದ್ರನ ಮೇಲೆ ಭೂಮಿಯ ಸೆಳೆತಕ್ಕಿಂತ ಸೂರ್ಯನ ಸೆಳೆತವೇ ಹೆಚ್ಚು ಎಂದು ಓದಿದೆ. ಇದು ನಿಜವೇ? ನಿಜವಾದರೆ ಚಂದ್ರ ಇನ್ನೂ ಭೂಮಿಯನ್ನೇ ಸುತ್ತುತ್ತಿರುವುದು ಹೇಗೆ?

ಉತ್ತರ: ನಿಜ. ಸೂರ್ಯನ ದ್ರವ್ಯರಾಶಿ ಭೂಮಿಯದಕ್ಕಿಂತ ಸುಮಾರು 3,33,000 ಪಟ್ಟು ಹೆಚ್ಚು. ಚಂದ್ರನಿಂದ ಭೂಮಿ ಸರಾಸರಿ 3,84,400 ಕಿಲೋಮೀಟರ್ ದೂರದಲ್ಲಿದ್ದರೆ, ಸೂರ್ಯ ಸುಮಾರು 15 ಕೋಟಿ ಕಿಲೋಮೀಟರ್, ಅಂದರೆ ಅದರ 390 ಪಟ್ಟು ದೂರದಲ್ಲಿದ್ದಾನೆ. ಗುರುತ್ವವು ದೂರದ ವರ್ಗಕ್ಕೆ ಅನುಗುಣವಾಗಿ ಕುಗ್ಗುವುದರಿಂದ ಈ ದೂರವು ಸೂರ್ಯನ ಸೆಳೆತವನ್ನು ಸುಮಾರು ಒಂದೂವರೆ ಲಕ್ಷ ಪಟ್ಟು ತಗ್ಗಿಸುತ್ತದೆ. ಆದರೂ ಲೆಕ್ಕದ ಕೊನೆಗೆ ಸೂರ್ಯನ ಪಾಲು ಭೂಮಿಯದಕ್ಕಿಂತ 2.2 ಪಟ್ಟು ಹೆಚ್ಚಾಗಿಯೇ ಉಳಿಯುತ್ತದೆ.

ಗೊಂದಲ ಹುಟ್ಟುವುದು ಸೂರ್ಯ ಚಂದ್ರನನ್ನು ಮಾತ್ರ ಸೆಳೆಯುತ್ತಾನೆಂದು ನಾವು ಅರಿಯದೆಯೇ ಭಾವಿಸುವುದರಿಂದ. ಸೂರ್ಯ ಭೂಮಿಯನ್ನೂ ಹೆಚ್ಚುಕಡಿಮೆ ಅಷ್ಟೇ ತೀವ್ರತೆಯಿಂದ ಸೆಳೆಯುತ್ತಾನೆ, ಮತ್ತು ಗುರುತ್ವದಿಂದ ಉಂಟಾಗುವ ವೇಗೋತ್ಕರ್ಷವು ಸೆಳೆಯಲ್ಪಡುವ ಕಾಯದ ತೂಕವನ್ನು ಅವಲಂಬಿಸುವುದಿಲ್ಲ. ಒಂದೇ ಹೊಳೆಯ ಸೆಳವಿನಲ್ಲಿ ಸಾಗುವ ಎರಡು ದೋಣಿಗಳನ್ನು ಆ ಸೆಳವು ಹೇಗೆ ದೂರ ಮಾಡಲಾರದೋ ಹಾಗೆಯೇ, ಇಬ್ಬರಿಗೂ ಸಮಾನವಾದ ಸೆಳೆತವು ಅವರನ್ನು ಬೇರ್ಪಡಿಸಲಾರದು. ಬೇರ್ಪಡಿಸುವ ಶಕ್ತಿ ಇರುವುದು ಎರಡು ಸೆಳೆತಗಳ ನಡುವಿನ ವ್ಯತ್ಯಾಸಕ್ಕೆ ಮಾತ್ರ. ಅಮಾವಾಸ್ಯೆಯಂದು ಚಂದ್ರ ಭೂಮಿಗಿಂತ ಸೂರ್ಯನಿಗೆ ಹತ್ತಿರವಿದ್ದು, ಅವನ ಮೇಲಿನ ಸೂರ್ಯನ ಸೆಳೆತ ಶೇಕಡ ಅರ್ಧದಷ್ಟು ಹೆಚ್ಚಿರುತ್ತದೆ. ಹುಣ್ಣಿಮೆಯಂದು ಅಷ್ಟೇ ಕಡಿಮೆ ಇರುತ್ತದೆ. ಈ ವ್ಯತ್ಯಾಸವು ಭೂಮಿಯು ಚಂದ್ರನನ್ನು ಹಿಡಿದಿರುವ ಬಲದ ಸುಮಾರು ತೊಂಬತ್ತರಲ್ಲಿ ಒಂದು ಭಾಗವಷ್ಟೇ.

ಹಾಗೆಂದು ಸೂರ್ಯನ ಆ 2.2 ಪಟ್ಟು ಸೆಳೆತಕ್ಕೆ ಪರಿಣಾಮವೇ ಇಲ್ಲವೆಂದಲ್ಲ. ಸೂರ್ಯನ ಸುತ್ತ ಚಂದ್ರ ಸಾಗುವ ದಾರಿಯನ್ನು ಸುರುಳಿ ಸುರುಳಿಯಾಗಿ ಬಿಡಿಸಿದ ಚಿತ್ರಗಳನ್ನು ಬಹಳಷ್ಟು ಓದುಗರು ನೋಡಿರಬಹುದು, ಅವು ತಪ್ಪು. ಭೂಮಿ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಸೂರ್ಯನನ್ನು ಸುತ್ತುತ್ತಿರುವಾಗ, ಭೂಮಿಯ ಸುತ್ತ ಚಂದ್ರನ ವೇಗ ಸೆಕೆಂಡಿಗೆ ಕೇವಲ 1 ಕಿಲೋಮೀಟರ್ ಆಗಿರುವುದರಿಂದ ಅವನು ಎಂದೂ ಹಿಂದಕ್ಕೆ ತಿರುಗುವುದಿಲ್ಲ. ಇನ್ನೂ ಅಚ್ಚರಿಯ ಸಂಗತಿಯೆಂದರೆ, ಸೂರ್ಯನ ಸೆಳೆತವೇ ಸದಾ ಮೇಲುಗೈ ಆಗಿರುವುದರಿಂದ ಅವನ ಪಥವು ಅಮಾವಾಸ್ಯೆಯಲ್ಲೂ ಸೂರ್ಯನ ಕಡೆಗೇ ಬಾಗಿರುತ್ತದೆ. ಚಂದ್ರ ಭೂಮಿಯನ್ನು ಸುತ್ತುತ್ತಾನೆ ಎಂಬುದೂ, ಅವನು ಭೂಮಿಯ ಜೊತೆಗೂಡಿ ಸೂರ್ಯನನ್ನು ಸುತ್ತುತ್ತಾನೆ ಎಂಬುದೂ ಒಂದೇ ಚಲನೆಯ ಎರಡು ಸರಿಯಾದ ವಿವರಣೆಗಳು.

ಆ ತೊಂಬತ್ತರಲ್ಲೊಂದು ಭಾಗವೂ ಸುಮ್ಮನಿರುವುದಿಲ್ಲ. ಚಂದ್ರನ ಕಕ್ಷೆಯು ಭೂಕಕ್ಷೆಯ ಸಮತಲವನ್ನು ಛೇದಿಸುವ ಪಾತಬಿಂದುಗಳು, ಅಂದರೆ ರಾಹು-ಕೇತುಗಳು, ಸೂರ್ಯನ ಈ ಪ್ರಭಾವದಿಂದಾಗಿಯೇ ಹಿಮ್ಮುಖವಾಗಿ ಸರಿಯುತ್ತಾ 18.6 ವರ್ಷಗಳಲ್ಲಿ ಒಂದು ಸುತ್ತು ಮುಗಿಸುತ್ತವೆ. ಗ್ರಹಣಗಳ ಕಾಲ ವರ್ಷದಿಂದ ವರ್ಷಕ್ಕೆ ಹಿಂದಕ್ಕೆ ಜಾರುವುದು ಇದರಿಂದಲೇ. ಚಂದ್ರ ಭೂಮಿಗೆ ಅತ್ಯಂತ ಸಮೀಪ ಬರುವ ಬಿಂದುವೂ ಸುಮಾರು 8.85 ವರ್ಷಗಳಿಗೊಮ್ಮೆ ಮುಮ್ಮುಖವಾಗಿ ಒಂದು ಸುತ್ತು ಬರುತ್ತದೆ. ಈ ಎರಡನೆಯ ಚಲನೆಯ ಲೆಕ್ಕ ನ್ಯೂಟನ್‌ಗೂ ಪೂರ್ತಿ ಒಲಿಯಲಿಲ್ಲ. ಫ್ರಾನ್ಸಿನ ಗಣಿತಜ್ಞ ಕ್ಲೆರೊ 1747ರಲ್ಲಿ ಗುರುತ್ವ ನಿಯಮವನ್ನೇ ತಿದ್ದಬೇಕೇನೋ ಎಂದು ಸೂಚಿಸಿ, 1749ರಲ್ಲಿ ಇನ್ನಷ್ಟು ಸೂಕ್ಷ್ಮವಾಗಿ ಲೆಕ್ಕ ಹಾಕಿದಾಗ ನಿಯಮ ಸರಿಯಾಗಿಯೇ ಇದೆ ಎಂದು ಕಂಡುಕೊಂಡರು.

ದೂರ ಹೆಚ್ಚಿದಂತೆ ಭೂಮಿಯ ಹಿಡಿತ ಸಡಿಲಗೊಂಡು, ಸೂರ್ಯನ ಸೆಳೆತದ ವ್ಯತ್ಯಾಸ ಬೆಳೆಯುತ್ತದೆ. ಇವೆರಡರ ನಡುವಿನ ಗಡಿ ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿದೆ; ಇದನ್ನು ಅಮೆರಿಕದ ಖಗೋಳಜ್ಞ ಜಾರ್ಜ್ ವಿಲಿಯಂ ಹಿಲ್ ಅವರ ಹೆಸರಿನಲ್ಲಿ ಹಿಲ್ ಗೋಳ ಎನ್ನುತ್ತಾರೆ. ಆದಿತ್ಯ-ಎಲ್1 ನೌಕೆಯೂ ಜೇಮ್ಸ್ ವೆಬ್ ದೂರದರ್ಶಕವೂ ಸುತ್ತುತ್ತಿರುವ ಬಿಂದುಗಳು ಇದೇ ಗಡಿಯ ಮೇಲಿವೆ, ಒಂದು ಸೂರ್ಯನ ಕಡೆಗೆ, ಇನ್ನೊಂದು ಅದರ ವಿರುದ್ಧ ದಿಕ್ಕಿಗೆ. ಸೂರ್ಯನಿಂದ ಬಹುದೂರದಲ್ಲಿರುವ ಬೃಹತ್ ಗುರುಗ್ರಹದ ಹಿಲ್ ಗೋಳವು 5 ಕೋಟಿ ಕಿಲೋಮೀಟರಿಗೂ ಮಿಕ್ಕಿ ಹರಡಿರುವುದರಿಂದ, 2 ಕೋಟಿ ಕಿಲೋಮೀಟರಿಗೂ ಆಚೆ ಅದು ಉಪಗ್ರಹಗಳನ್ನು ಉಳಿಸಿಕೊಂಡಿದೆ.

ಉಪಗ್ರಹವೊಂದು ದೀರ್ಘಕಾಲ ಉಳಿಯಬೇಕಾದರೆ ಅದು ಹಿಲ್ ಗೋಳದ ಅಂಚಿಗಿಂತ ಸಾಕಷ್ಟು ಒಳಗಿರಬೇಕು. ನಮ್ಮ ಚಂದ್ರ ಸುಮಾರು ಕಾಲು ಭಾಗದಷ್ಟು ದೂರದಲ್ಲಿದ್ದಾನೆ. ಉಬ್ಬರವಿಳಿತಗಳ ಕಾರಣದಿಂದ ಅವನು ವರ್ಷಕ್ಕೆ ಸುಮಾರು 3.8 ಸೆಂಟಿಮೀಟರಿನಂತೆ ದೂರ ಸರಿಯುತ್ತಿದ್ದಾನೆ ಎಂಬುದು ನಿಜವಾದರೂ, ಇದೇ ದರದಲ್ಲಿ ಅವನ ದೂರ ಇಮ್ಮಡಿಯಾಗಲು ಸಾವಿರ ಕೋಟಿ ವರ್ಷಗಳೇ ಬೇಕು. ಸೂರ್ಯ ಈಗಿರುವ ಸ್ಥಿತಿಯಲ್ಲಿ ಉಳಿಯುವುದು ಇನ್ನು ಸುಮಾರು 500 ಕೋಟಿ ವರ್ಷಗಳು ಮಾತ್ರ.