ಕಸದ ಆಟೋ ಬರಲಿಲ್ಲ ಅಂದ್ರೆ ಯಾವ ಕಾಗದ ಕೇಳಬೇಕು?

ಖಾತಾಗೆ ಅರ್ಜಿ ಹಾಕಿದರೆ ಸಕಾಲದ (ಸರ್ಕಾರಿ ಸೇವೆಯನ್ನು ಗಡುವಿನೊಳಗೆ ಕೊಡುವ ವ್ಯವಸ್ಥೆ) ಜಿಎಸ್‌ಸಿ ಸಂಖ್ಯೆ, ಅಂದರೆ ಅರ್ಜಿಯ ಗುರುತಿನ ಸಂಖ್ಯೆ ಸಿಗುತ್ತದೆ. ಗಡುವು ಯಾವತ್ತು, ಹೊಣೆ ಯಾವ ಅಧಿಕಾರಿದು, ಎಲ್ಲ ಗೊತ್ತಾಗುತ್ತದೆ. 2011ರ ಸಕಾಲ ಕಾಯ್ದೆ ಪ್ರಕಾರ ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರವನ್ನೂ ಕೇಳಬಹುದು (ಎಷ್ಟು ಜನ ಕೇಳ್ತಾರೆ ಅನ್ನೋದು ಬೇರೆ ಮಾತು). ಆದರೆ ಬೀದಿಗೆ ಕಸದ ಆಟೋ ಬರಲಿಲ್ಲ ಅಂದಾಗ? ಅಲ್ಲಿ ಅರ್ಜಿಯೇ ಇಲ್ಲ, ಇನ್ನು ಗಡುವು ಎಲ್ಲಿಂದ ಬರಬೇಕು?

ಪಾಲಿಕೆಯ ಕಡತ, ಬಿಲ್ಲು ಓದೋದು ನನ್ನ ಕೆಲಸ. ನಿವಾಸಿ ಸಂಘದವರು ಬಂದರೆ ಮೊದಲು ಕೇಳೋದು ಒಂದೇ: ಈ ಕೆಲಸ ಮಾಡ್ತಿರೋದು ಯಾರು? ಪಾಲಿಕೆ ನೌಕರರಾ, ಗುತ್ತಿಗೆದಾರರಾ, ಮಂಡಳಿಯಾ, ಕಂಪನಿಯಾ? ಬೆಂಗಳೂರಲ್ಲಿ ನೀರಿಗೆ ಜಲಮಂಡಳಿ, ಕರೆಂಟಿಗೆ ಬೆಸ್ಕಾಂ, ಕಸಕ್ಕೆ ಪ್ರತ್ಯೇಕ ಕಂಪನಿ. 2025ರ ಸೆಪ್ಟೆಂಬರಿನಿಂದ ಬಿಬಿಎಂಪಿ ಜಾಗದಲ್ಲಿ ಐದು ಪಾಲಿಕೆ, ಮೇಲೊಂದು ಪ್ರಾಧಿಕಾರ. ಯಾವ ಕಚೇರಿ ಬಾಗಿಲು ತಟ್ಟಬೇಕು ಅಂತ ತಿಳಿಯೋದರಲ್ಲೇ ಜನ ಸುಸ್ತಾಗ್ತಾರೆ. ಬಿಬಿಎಂಪಿ ಸದಸ್ಯರ ಅವಧಿ 2020ರಲ್ಲೇ ಮುಗಿಯಿತು, ಆಮೇಲೆ ಸಭೆಯಲ್ಲಿ ಬಿಲ್ಲು ಎತ್ತಿಹಿಡಿದು ಕೇಳೋಕೆ ಕಾರ್ಪೊರೇಟರ್ ಕೂಡ ಇರಲಿಲ್ಲ.

ಹಾಗಾದಾಗ ಕಾಗದ ಕೇಳೋ ದಾರಿ ಮಾಹಿತಿ ಹಕ್ಕು. ಆದರೆ ಗುತ್ತಿಗೆ ಬಂದ ಕಡೆ ಮಾಹಿತಿ ಹಕ್ಕಿನ ಅರ್ಜಿಗೆ ಸಿಗೋ ಸಿದ್ಧ ಉತ್ತರ ಗೊತ್ತಲ್ಲ: 'ಅದು ಖಾಸಗಿಯವರ ಮಾಹಿತಿ.' ಸರಿ, ಗುತ್ತಿಗೆದಾರ ಖಾಸಗಿಯವನೇ ಇರಲಿ, ಅವನಿಗೆ ಸಾರ್ವಜನಿಕರ ದುಡ್ಡು ಕೊಟ್ಟ ಕಡತ ಖಾಸಗಿ ಹೇಗಾಗುತ್ತೆ? ಮಾಹಿತಿ ಹಕ್ಕು ಕಾಯ್ದೆಯಲ್ಲಿ 'ಮಾಹಿತಿ' ಅಂದರೇನು ಅಂತ ಹೇಳುವ 2(ಎಫ್) ಓದಿ. ಬೇರೆ ಕಾನೂನಿನಡಿ ಕಚೇರಿ ಖಾಸಗಿಯವರಿಂದ ಪಡೆಯಬಹುದಾದ ಮಾಹಿತಿಯೂ ಅದರಲ್ಲಿ ಸೇರಿದೆ.

ಕೇಳೋ ರೀತಿ ಮಾತ್ರ ಸರಿಯಿರಬೇಕು. 'ಕಸ ಯಾಕೆ ಎತ್ತಲ್ಲ?' ಅಂತ ಬರೆದರೆ ಅರ್ಜಿ ಸುಮ್ನೆ ವಾಪಸ್ ಬರುತ್ತೆ. ನಮ್ಮ ರಾಜ್ಯದ ನಿಯಮದಲ್ಲಿ ಒಂದೇ ವಿಷಯ, 150 ಪದ, 10 ರೂಪಾಯಿ ಶುಲ್ಕ. ಹಾಗಾಗಿ ಕಾಗದವನ್ನೇ ಕೇಳಿ: ನಿಮ್ಮ ವಾರ್ಡಿನ ಇಂತಿಂಥ ತಿಂಗಳ ಕಸ ಸಾಗಣೆ ಬಿಲ್ಲು, ಅದಕ್ಕೆ ಲಗತ್ತಿಸಿದ ವಾಹನ ಸಂಖ್ಯೆಗಳ ಪಟ್ಟಿ, ಹಾಜರಿ, ತೂಕದ ಚೀಟಿ. ಬೀದಿಯವರು ಆಟೋ ಬಂದ ದಿನಗಳನ್ನು ಒಂದು ಪುಸ್ತಕದಲ್ಲಿ ಗುರುತು ಹಾಕಿಟ್ಟುಕೊಂಡಿದ್ದರೆ ಬಿಲ್ಲು ಪಕ್ಕದಲ್ಲಿಟ್ಟು ಹೋಲಿಸಬಹುದು. ಬರದ ದಿನಕ್ಕೂ ಹಾಜರಿ ಬಿದ್ದಿದೆಯಾ ಅನ್ನೋದು ಅಲ್ಲೇ ಕಾಣುತ್ತೆ.

ಟೆಂಡರ್ ಕರೆಯದೆ ಕೊಟ್ಟ ಕೆಲಸವಾದರೆ ಇನ್ನೊಂದು ಕಾಗದ ಜಾಸ್ತಿ ಕೇಳಿ. ಸರ್ಕಾರಿ ಖರೀದಿ, ಗುತ್ತಿಗೆಗಳಿಗೆ ಇರುವ 1999ರ ಪಾರದರ್ಶಕತೆ ಕಾಯ್ದೆಯ 4(ಜಿ) ಅಡಿ ಟೆಂಡರ್‌ನಿಂದ ವಿನಾಯಿತಿ ಕೊಟ್ಟಿದ್ದರೆ ಆ ಆದೇಶದ ಪ್ರತಿ. 30 ದಿನದಲ್ಲಿ ಉತ್ತರ ಬರದಿದ್ದರೆ ಕಾಯಬೇಡಿ, ಮೊದಲ ಮೇಲ್ಮನವಿ ಹಾಕಿ.